ಹಕ್ಕಿಗೆ ಹಸಿರೊಂದೇ ಸಾಲದು: ಬಂಡೀಪುರ ಸೀಮೆಯ ಒಣಮರ, ಹುಲ್ಲು, ಕಳೇಬರಗಳ ಲೆಕ್ಕ

ಫೆಬ್ರವರಿ ಕೊನೆಗೆ ಬಂಡೀಪುರ ನೋಡಿ ಬಂದವರನ್ನು ಕೇಳಿ. ‘ಕಾಡೆಲ್ಲಾ ಒಣಗೋಗಿದೆ, ಏನಿಲ್ಲ ಅಲ್ಲಿ’ ಅಂತಾರೆ. ಅದೇ ಜನ ಆಗಸ್ಟ್‌ನಲ್ಲಿ ಹೋಗಿ ಬಂದರೆ ‘ಎಂಥಾ ಹಸಿರು!’ ಅಂತ ಫೋಟೊ ಹಾಕುತ್ತಾರೆ. ಹಕ್ಕಿ ನೋಡುವವರ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ.

ಫೆಬ್ರವರಿಯಲ್ಲಿ ಎಲೆ ಉದುರಿ ನಿಂತ ಒಂದು ಮುತ್ತುಗದ ಮರದ ಎದುರು ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಮರದಲ್ಲಿ ಎಲೆಯೇ ಇಲ್ಲ, ಬರೀ ಹೂವು. ಮೊದಲು ಗೊರವಂಕಗಳು ಬಂದು ಜಗಳ ಶುರು ಮಾಡುತ್ತವೆ. ಗಿಳಿಗಳು ಹೂವನ್ನೇ ಕಿತ್ತು, ಬುಡ ಕಚ್ಚಿ, ಕೆಳಗೆ ಬಿಸಾಕುತ್ತವೆ. ಸೂರಕ್ಕಿ ಸಂದಿಯಲ್ಲಿ ನುಗ್ಗಿ ಮಕರಂದ ಹೀರಿ ಓಡುತ್ತದೆ. ಎಲೆಹಕ್ಕಿ ಬೇರೆಯವರನ್ನು ಓಡಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಕಾಜಾಣಕ್ಕೆ ಹೂವೂ ಬೇಕು, ಹೂವಿಗೆ ಬಂದ ಹುಳವೂ ಬೇಕು. ಪಕ್ಕದ ಬೂರುಗದ ಮರದಲ್ಲೂ ಇದೇ ಗಲಾಟೆ. ಹಿಮಾಲಯದಿಂದ, ಅದರಾಚೆಯಿಂದ ಚಳಿಗೆ ಇಳಿದು ಬಂದ ಪುಟ್ಟ ಉಲಿಯಕ್ಕಿಗಳೂ ಆಗ ಇನ್ನೂ ಇಲ್ಲೇ ಇರುತ್ತವೆ. ಮರಕುಟಿಗ, ಕುಟ್ರು, ಗೂಬೆಗಳಿಗೆ ಅದು ಗೂಡಿನ ಕಾಲ. ಅಂದರೆ ನಮ್ಮ ಕಣ್ಣಿಗೆ ‘ಸತ್ತ ಹಾಗೆ’ ಕಾಣುವ ಕಾಡು ಹಕ್ಕಿಗಳ ಮಟ್ಟಿಗೆ ತುಂಬಿದ ಸಂತೆ.

ಈ ಲೇಖನದ ತಕರಾರು ಇಷ್ಟೇ. ಕಾಡು ಉಳಿದಿದೆಯೇ ಅಂತ ನಾವು ಹಸಿರು ನೋಡಿ, ಹುಲಿ ಎಣಿಸಿ, ಚದರ ಕಿಲೋಮೀಟರ್ ಲೆಕ್ಕ ಹಾಕಿ ಹೇಳುತ್ತೇವೆ. ಹಕ್ಕಿಗಳು ಕೇಳುವ ಸಾಮಾನೇ ಬೇರೆ: ಪೊಟರೆ ಇರುವ ಒಣಮರ, ಒಣಹುಲ್ಲಿನ ಬಯಲು, ಹೊಳೆ ದಂಡೆಯ ಎತ್ತರದ ಮತ್ತಿ, ವಿಷ ಸೇರದ ಸತ್ತ ದನ. ಇವುಗಳಲ್ಲಿ ಯಾವುದು ಎಷ್ಟಿದೆ ಅನ್ನುವುದು ಉಪಗ್ರಹದ ಹಸಿರು ಚಿತ್ರದಿಂದ ಗೊತ್ತಾಗುವುದಿಲ್ಲ.

ಒಂದು ಕಾಡಲ್ಲ, ಹತ್ತು ಕಾಡು

ನಾಗರಹೊಳೆ, ಬಂಡೀಪುರ, ಕೇರಳದ ವಯನಾಡು, ತಮಿಳುನಾಡಿನ ಮುದುಮಲೈ ಮತ್ತು ಸತ್ಯಮಂಗಲ, ನಮ್ಮ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ. ನಕ್ಷೆಯಲ್ಲಿ ಇವಕ್ಕೆ ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರು. ನೆಲದ ಮೇಲೆ ಒಂದಕ್ಕೊಂದು ಅಂಟಿಕೊಂಡ ಒಂದೇ ಸೀಮೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. 1986ರಲ್ಲಿ ಈ ಸೀಮೆಯ ದೊಡ್ಡ ಪಾಲು ಸೇರಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶವಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು.

ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 1,500 ಮಿಲಿಮೀಟರ್ ಆಸುಪಾಸು ಮಳೆ. ಪೂರ್ವಕ್ಕೆ ಹೋದಂತೆ ಅದು ಅರ್ಧಕ್ಕೆ ಇಳಿಯುತ್ತದೆ. ಮಳೆ ಇಳಿದಂತೆ ಕಾಡಿನ ಬಗೆ ಬದಲಾಗುತ್ತದೆ, ಕಾಡು ಬದಲಾದಂತೆ ಹಕ್ಕಿಯೂ ಬದಲಾಗುತ್ತದೆ. ಇದನ್ನು ಪಿಕಳಾರ ನೋಡಿಯೇ ಹೇಳಬಹುದು. ಯಳಂದೂರು ಕಡೆಯಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿ. ಕೆಳಗೆ ಮುಳ್ಳು ಕುರುಚಲಿನಲ್ಲಿ ಬಿಳಿ ಹುಬ್ಬಿನ ಪಿಕಳಾರ ಪೊದೆಯೊಳಗಿಂದ ಗಡಿಬಿಡಿಯಲ್ಲಿ ಉಲಿಯುತ್ತದೆ. ಸ್ವಲ್ಪ ಮೇಲೆ ಎಲೆ ಉದುರುವ ಕಾಡಿನಲ್ಲಿ ಕೆಮ್ಮೀಸೆ ಪಿಕಳಾರದ ರಾಜ್ಯ. ಇನ್ನೂ ಮೇಲೆ ಮಂಜು ಕವಿದ ದಟ್ಟ ಕಾಡು ಶುರುವಾದರೆ ಹಳದಿ ಹುಬ್ಬಿನದ್ದು, ಕರಿ ಪಿಕಳಾರ. 600 ಮೀಟರ್‌ನಿಂದ 1,800 ಮೀಟರ್‌ವರೆಗೆ ಏರುವ ಈ ಬೆಟ್ಟದಲ್ಲಿ 250ಕ್ಕೂ ಹೆಚ್ಚು ಬಗೆಯ ಹಕ್ಕಿ ದಾಖಲಾಗಿರುವುದು ಇದಕ್ಕೇ. ಕುರುಚಲು, ಒಣ ಕಾಡು, ತೇವದ ಕಾಡು, ಶೋಲಾ (ಎತ್ತರದ ಬೆಟ್ಟದ ಕಣಿವೆಗಳ ದಟ್ಟ ಹಸಿರು ಕಾಡು), ಹುಲ್ಲುಬೆಟ್ಟ, ಎಲ್ಲವೂ ಒಂದು ದಿನದ ನಡಿಗೆಯೊಳಗೆ ಸಿಗುತ್ತವೆ.

ಇಲ್ಲಿಂದ ಒಂದು ಮಾತು ಹೊರಡುತ್ತದೆ. ‘ಬೆಟ್ಟ ಉಳಿದಿದೆ’ ಅಂದರೆ ಸಾಲದು. ಬೆಟ್ಟದ ಬುಡದ ಕುರುಚಲು ಹೋದರೆ ಬಿಳಿ ಹುಬ್ಬಿನ ಪಿಕಳಾರ ಮೇಲಕ್ಕೆ ಹೋಗಿ ಶೋಲಾದಲ್ಲಿ ಸಂಸಾರ ಹೂಡುವುದಿಲ್ಲ. ನಮ್ಮಲ್ಲಿ ಮೊದಲು ಹೋಗುವುದೂ ಬುಡದ ಕುರುಚಲೇ, ಅಲ್ವಾ? ಅದನ್ನು ಕಂದಾಯ ದಾಖಲೆಯಲ್ಲಿ ‘ಪಾಳು’ ಅಂತ ಬರೆದಾಗಿರುತ್ತದೆ.

ಪೊಟರೆಯ ಪಾಳಿ

ಒಣಗಿ ನಿಂತ ಒಂದು ಮತ್ತಿ ಮರ ಅಂದುಕೊಳ್ಳಿ. ತೊಗಟೆ ಅರ್ಧ ಕಳಚಿದೆ. ಒಂದು ಕೊಂಬೆಯ ಅಡಿಭಾಗದಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ದುಂಡನೆಯ ತೂತು, ಕೆಳಗೆ ನೆಲದ ಮೇಲೆ ಹೊಸ ಮರದ ಹುಡಿ. ಅದು ಕಂಚುಗಾರ ಹಕ್ಕಿಯ ಕೆಲಸ. ಕುಟ್ರು ಜಾತಿಯ ಹಕ್ಕಿಗಳಿಗೂ ಮರಕುಟಿಗಗಳಿಗೂ ಮಾತ್ರ ಮರ ಕೊರೆಯುವ ಕಸುಬು ಗೊತ್ತು. ಗಿಳಿ, ಗೊರವಂಕ, ಹಾಲಕ್ಕಿ, ಹಾರುವ ಅಳಿಲು, ಇವರೆಲ್ಲ ಬಾಡಿಗೆದಾರರು. ಬೇರೆಯವರು ಕೊರೆದು ಬಿಟ್ಟ ಮನೆಗೆ ಬರುವವರು. ಮೊದಲ ವರ್ಷ ಕೊರೆದವನ ಸಂಸಾರ, ಆಮೇಲೆ ಬಾಯಿ ಅಗಲವಾದಂತೆ ಒಬ್ಬೊಬ್ಬರೇ ಪಾಳಿಯಲ್ಲಿ ಬರುತ್ತಾರೆ. ಕೊಂಬೆ ಮುರಿದ ಜಾಗ ಕೊಳೆತು ಆದ ದೊಡ್ಡ ಪೊಟರೆಗಳಿಗೆ ಬೇರೆಯೇ ಸಾಲು ಕಾದಿರುತ್ತದೆ.

ಆ ಸಾಲಿನಲ್ಲಿ ಮಂಗಟ್ಟೆ ಮೊದಲು. ಹೆಣ್ಣು ಪೊಟರೆಯೊಳಗೆ ಹೊಕ್ಕು ಬಾಯನ್ನು ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಾಕಿ. ಎರಡು ಮೂರು ತಿಂಗಳು ಗಂಡು ತಂದು ಕೊಟ್ಟದ್ದೇ ಊಟ. ಆಲ, ಬಸರಿ, ಗೋಣಿಯಂಥ ಮರಗಳು ಹಣ್ಣು ಬಿಡದಿದ್ದರೆ, ಗಂಡಿಗೆ ಏನಾದರೂ ಆದರೆ, ಒಳಗಿನ ಸಂಸಾರಕ್ಕೂ ಆಪತ್ತು. ಪಶ್ಚಿಮ ಘಟ್ಟ ಸೀಮೆಯಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಕಾಳಿ ಕಣಿವೆಯ ದಾಂಡೇಲಿಯಲ್ಲಿ 2011ರಲ್ಲಿ 52.5 ಚದರ ಕಿಲೋಮೀಟರ್ ಕಾಡನ್ನು ಮಂಗಟ್ಟೆಗೆಂದೇ ಮೀಸಲಿಟ್ಟರು. ಒಳ್ಳೆಯದೇ. ಆದರೆ ಅಂಥ ಪೊಟರೆ ಆಗಬೇಕಾದರೆ ಮರಕ್ಕೆ ನೂರಾರು ವರ್ಷ ಆಗಿರಬೇಕು. ಸಸಿ ನೆಟ್ಟು ಪೊಟರೆ ಬೆಳೆಸಲು ಯಾವ ಯೋಜನೆಗೂ ಆಗುವುದಿಲ್ಲ.

ನಾಗರಹೊಳೆ, ಬಂಡೀಪುರಗಳು ಈಗ ರಾಷ್ಟ್ರೀಯ ಉದ್ಯಾನ. ಆದರೆ ಅದಕ್ಕೂ ಮೊದಲು ಇಲ್ಲಿ ನಾಟಾಕ್ಕೆಂದು ದೊಡ್ಡ ಮರಗಳನ್ನು ಆರಿಸಿ ಆರಿಸಿ ಕಡಿದಿದ್ದಾರೆ. ಬ್ರಿಟಿಷರ ಕಾಲದಿಂದ ತೇಗದ ತೋಪುಗಳನ್ನು ಎಬ್ಬಿಸಿದ್ದಾರೆ. ಸಾಲಾಗಿ ನಿಂತ ಒಂದೇ ವಯಸ್ಸಿನ ತೇಗ ದೂರದಿಂದ ಕಾಡಿನ ಹಾಗೇ ಕಾಣುತ್ತದೆ. ಒಳಗೆ ನಡೆದರೆ ಗೊತ್ತಾಗುತ್ತದೆ. ಹಕ್ಕಿ ತಿನ್ನುವಂಥ ಹಣ್ಣಿಲ್ಲ, ಪೊಟರೆ ಇಲ್ಲ, ಕಾಲಡಿಯಲ್ಲಿ ತಟ್ಟೆಯಗಲದ ಒಣ ಎಲೆ ಚರಚರ ಅನ್ನುತ್ತದೆ, ತಲೆಯ ಮೇಲೆ ಸದ್ದೇ ಇಲ್ಲ.

ಒಣಮರದ ವಿಷಯದಲ್ಲಿ ಕಾನೂನು ಹಕ್ಕಿಗಳ ಪರವಾಗಿಯೇ ಇದೆ ಅನ್ನುವುದು ಹಲವರಿಗೆ ಗೊತ್ತಿಲ್ಲ. 2000ನೇ ಇಸವಿಯ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ಹುಲ್ಲನ್ನೂ ತೆಗೆಯಬಾರದು ಅಂತ ಆದೇಶ ಕೊಟ್ಟಿತು. ಆಗ ‘ಬಿದ್ದ ಮರ ಕೊಳೆಯಲಿಕ್ಕೆ ಬಿಡೋದಾ?’ ಅಂತ ಬೇಸರ ಪಟ್ಟವರು ಕಮ್ಮಿಯಿಲ್ಲ. ಕೊಳೆಯಲಿಕ್ಕೇ ಬಿಡಬೇಕು. ಆ ಕೊಳೆಯುವಿಕೆಯಲ್ಲೇ ಮರಕುಟಿಗದ ಊಟ ಇದೆ. ಸಮಸ್ಯೆ ಈಗ ಕೊಡಲಿಯಿಂದ ಬರುವುದು ಕಮ್ಮಿಯಾಗಿದೆ, ಬೆಂಕಿಯಿಂದ ಬರುವುದು ಜಾಸ್ತಿಯಾಗಿದೆ.

ಲಂಟಾನಾ ಅನ್ನುವ ಸುಳ್ಳು ಹಸಿರು

1800ರ ದಶಕದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಲಂಟಾನಾ ಭಾರತಕ್ಕೆ ಬಂತು. ಈಗ ಈ ಸೀಮೆಯ ದೊಡ್ಡ ಸಮಸ್ಯೆ ಅದೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಒಂದೇ ಜಾಗಗಳನ್ನು 1997ರಲ್ಲೂ 2008ರಲ್ಲೂ ನೋಡಿದರು. ಮೊದಲ ಸಲ ನೂರಕ್ಕೆ ಸುಮಾರು 40 ಪಾಲು ಜಾಗದಲ್ಲಿದ್ದ ಲಂಟಾನಾ ಹನ್ನೊಂದು ವರ್ಷದಲ್ಲಿ 80 ಪಾಲಿಗೆ ಏರಿತ್ತು. ಹುಲ್ಲು, ಹೊಸ ಸಸಿ ಎರಡನ್ನೂ ಅದು ನುಂಗುತ್ತದೆ. ವರ್ಷವಿಡೀ ಹೂವು, ಹಣ್ಣು, ಹಸಿರು. ಮೇಲಿಂದ ನೋಡಿದರೆ ಕಾಡು ಮೊದಲಿಗಿಂತ ದಟ್ಟವಾಗಿದೆ ಅನ್ನಿಸುತ್ತದೆ.

ಇಲ್ಲಿ ಹಕ್ಕಿಗಳ ಪಾತ್ರವೂ ಇದೆ, ಮುಚ್ಚಿಡಬಾರದು. ಲಂಟಾನಾದ ಕಪ್ಪು ಹಣ್ಣು ತಿಂದು ಬೀಜ ಹರಡುವುದು ಪಿಕಳಾರಗಳೇ. ಅವಕ್ಕೆ ಲಂಟಾನಾದಿಂದ ಲಾಭ. ಹರಟೆಮಲ್ಲಗಳಿಗೂ ಅಡಗಲು ಒಳ್ಳೆಯ ಪೊದೆ. ಹಾಗಾಗಿ ‘ಲಂಟಾನಾ ಬಂದರೆ ಹಕ್ಕಿ ಇರುವುದಿಲ್ಲ’ ಅನ್ನುವ ಮಾತು ತಪ್ಪು. ಇರುವ ಹಕ್ಕಿಗಳು ಬೇರೆಯಾಗುತ್ತವೆ, ಅಷ್ಟೇ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ನಡೆದ ಅಧ್ಯಯನದಲ್ಲಿ ಲಂಟಾನಾ ದಟ್ಟವಾದಂತೆ ಹಕ್ಕಿಗಳ ವೈವಿಧ್ಯ ಕಮ್ಮಿಯಾದದ್ದು ಕಂಡಿತು. ತರಗೆಲೆ ಕೆದಕಿ ತಿನ್ನುವವರಿಗೆ ನೆಲವೇ ಸಿಗುವುದಿಲ್ಲ. ನವರಂಗ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ. ಪುಟುಪುಟು ನೆಗೆಯುತ್ತಾ ಒಂದೊಂದೇ ಎಲೆ ಮಗುಚಿ ಹುಳ ಹುಡುಕುವ ಹಕ್ಕಿ ಅದು. ಮೊಣಕೈ ಹೋಗದಷ್ಟು ಹೆಣೆದುಕೊಂಡ ಮುಳ್ಳಿನಡಿ ಅದಕ್ಕೇನು ಕೆಲಸ?

ದೊಡ್ಡ ಪೆಟ್ಟು ಬೀಳುವುದು ಬೇಸಗೆಯಲ್ಲಿ. ಬೆಂಕಿ ಬಿದ್ದರೆ ಹುಲ್ಲಿನ ಬೆಂಕಿ ಮೊಣಕಾಲೆತ್ತರದಲ್ಲಿ ಓಡಿ ಹೋಗುತ್ತದೆ. ಒಣಗಿದ ಲಂಟಾನಾ ಮರಕ್ಕೆ ಏಣಿ ಹಾಕಿಕೊಡುತ್ತದೆ. ಉರಿ ಕೊಂಬೆವರೆಗೂ ಹೋಗುತ್ತದೆ. ಪೊಟರೆ ಇರುವ ಒಣಮರಗಳಂತೂ ಚಿಮಣಿಯ ಹಾಗೆ ಒಳಗಿಂದ ಉರಿಯುತ್ತವೆ, ಕೆಲವು ದಿನಗಟ್ಟಲೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ ಟಿವಿಯಲ್ಲಿ ಜಿಂಕೆ, ಆನೆಗಳ ಮಾತೇ ಹೆಚ್ಚು ಕೇಳಿಸಿತು. ಅವಕ್ಕೆ ಕಾಲಿದೆ, ಓಡುತ್ತವೆ. ಪೊಟರೆಯೊಳಗಿನ ಮರಿಗೆ, ನೆಲದ ಮೇಲೆ ಕಾಡುಕೋಳಿ ಇಟ್ಟ ಮೊಟ್ಟೆಗೆ ಓಡುವ ದಾರಿಯಿಲ್ಲ. ಫೆಬ್ರವರಿ ಅಂದರೆ ಅದೇ ಗೂಡಿನ ಕಾಲ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ಬಳಿ ಇದಕ್ಕೊಂದು ಹಳೆಯ ಉತ್ತರ ಇತ್ತು: ತರಗು ಬೆಂಕಿ. ಬಿಸಿಲು ಏರುವ ಮೊದಲೇ, ಇಬ್ಬನಿಯ ತೇವ ಇನ್ನೂ ಇರುವಾಗ, ಉದುರಿದ ತರಗಿಗೆ ಸಣ್ಣ ಬೆಂಕಿ ಇಡುವುದು. ಅದು ನೆಲ ಸವರಿಕೊಂಡು ಹೋಗುತ್ತದೆ, ಮರಕ್ಕೆ ಏರುವುದಿಲ್ಲ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆಯೇ ಲಂಟಾನಾ ಹಬ್ಬಿದ್ದು, ಮರಗಳ ಮೇಲೆ ಬದನಿಕೆ ಹೆಚ್ಚಿದ್ದು ಅನ್ನುವುದು ಹಿರಿಯ ಸೋಲಿಗರ ಮಾತು. ಸಂಶೋಧಕರಲ್ಲೂ ಹಲವರು ಈ ಮಾತನ್ನು ಗಂಭೀರವಾಗಿ ತಗೊಂಡಿದ್ದಾರೆ. ನಾನಂತೂ ಇದನ್ನು ಪೂರ್ತಿ ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಇಷ್ಟು ಲಂಟಾನಾ ತುಂಬಿದ ಮೇಲೆ ಇವತ್ತು ಇಡುವ ತರಗು ಬೆಂಕಿ ಅಂದಿನಂತೆ ಸಣ್ಣದಾಗಿ ಉಳಿಯುತ್ತದೆ ಅನ್ನುವ ಖಾತ್ರಿ ಯಾರೂ ಕೊಡಲಾರರು. ಮೊದಲು ಲಂಟಾನಾ ಬೇರು ಸಮೇತ ಕೀಳಬೇಕು, ಆಮೇಲೆ ಬೆಂಕಿಯ ಮಾತು. ಆ ಕೆಲಸಕ್ಕೂ ಈ ಕಾಡು ಬಲ್ಲ ಕೈಗಳೇ ಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನಾ ಕಡ್ಡಿಯಿಂದ ಕುರ್ಚಿ, ಆಳೆತ್ತರ ಮೀರಿದ ಆನೆಗಳನ್ನೂ ಮಾಡಿ ತೋರಿಸಿದ್ದಾರೆ. ಚೆಂದದ ಕೆಲಸ. ಆದರೆ ಕುರ್ಚಿ ಮಾಡಿ ಮುಗಿಯುವಷ್ಟಲ್ಲ ಅಲ್ಲಿರುವ ಲಂಟಾನಾ.

ಇದರ ಜೊತೆಗೆ ಈಗ ಹಳದಿ ಹೂವಿನ ಸೆನ್ನಾ ಸೇರಿಕೊಂಡಿದೆ. ಅದನ್ನೂ ನಾವೇ ಚೆಂದಕ್ಕೆ ನೆಟ್ಟದ್ದು. ವಯನಾಡು, ಮುದುಮಲೈ ಕಡೆ ವಿಪರೀತ ಹಬ್ಬಿ ನಮ್ಮ ಕಡೆಗೂ ಬಂದಾಗಿದೆ. ಹೂ ಬಿಟ್ಟಾಗ ಅದರ ಮುಂದೆ ಸೆಲ್ಫಿ ತೆಗೆಯುವವರ ಸಾಲು ಇರುತ್ತದೆ.

ರಣಹದ್ದಿನ ಕಾಡು ಗಡಿ ಕಂಬದಲ್ಲಿ ಮುಗಿಯುವುದಿಲ್ಲ

ಈ ಸೀಮೆಯ ಹಕ್ಕಿಗಳಲ್ಲಿ ನನಗೆ ಎಲ್ಲಕ್ಕಿಂತ ಕಾಡುವ ಕಥೆ ರಣಹದ್ದಿನದು. ಒಂದು ಕಾಲದಲ್ಲಿ ಪ್ರತಿ ಊರಿನ ಹೊರಗೂ ಸತ್ತ ದನ ಎಳೆದು ಹಾಕುವ ಜಾಗ ಇತ್ತು. ರಣಹದ್ದಿನ ಹಿಂಡು ಇಳಿದರೆ ಬೇಗನೆ ಮೂಳೆ ಮಾತ್ರ ಉಳಿಯುತ್ತಿತ್ತು. 1990ರ ದಶಕದಲ್ಲಿ ಅವು ಉದುರತೊಡಗಿದವು. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು ನೂರಕ್ಕೆ 99.9 ಪಾಲು ಇಲ್ಲವಾಯಿತು. ಸಾವಿರ ಇದ್ದ ಕಡೆ ಒಂದು.

ಕಾರಣ ಗೊತ್ತಾದದ್ದು 2004ರಲ್ಲಿ. ದನಕ್ಕೆ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಆ ಔಷಧ ಕೊಟ್ಟ ದನ ಒಂದೆರಡು ದಿನದಲ್ಲಿ ಸತ್ತರೆ ಅದರ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯಂತೆ ಕೂರುತ್ತದೆ. ಕೆಲವೇ ದಿನದಲ್ಲಿ ಸಾವು. ಭಯ ಹುಟ್ಟಿಸುವ ವಿಷಯ ಅಂದರೆ, ಇಷ್ಟು ದೊಡ್ಡ ಕುಸಿತಕ್ಕೆ ನೂರು ಕಳೇಬರದಲ್ಲಿ ಒಂದಕ್ಕಿಂತ ಕಮ್ಮಿ ವಿಷವಾಗಿದ್ದರೂ ಸಾಕಿತ್ತು. ಒಂದು ಕಳೇಬರಕ್ಕೆ ಇಡೀ ಹಿಂಡು ಇಳಿಯುತ್ತದಲ್ಲ!

2006ರಲ್ಲಿ ದನಗಳಿಗೆ ಡೈಕ್ಲೊಫೆನಾಕ್ ನಿಷೇಧವಾಯಿತು. ಮನುಷ್ಯರಿಗೆ ಮಾರುವ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುವುದು ನಿಲ್ಲಲಿಲ್ಲ. 2015ರಲ್ಲಿ ಅದನ್ನು 3 ಮಿಲಿಲೀಟರ್ ಸೀಸೆಗೆ ಇಳಿಸಿದರು. ಅಷ್ಟರಲ್ಲಿ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್‌ಗಳೂ ಇದೇ ಕೆಲಸ ಮಾಡುತ್ತವೆ ಅಂತ ಗೊತ್ತಾಯಿತು. 2023ರಲ್ಲಿ ಅವೂ ನಿಷೇಧ. ಆಮೇಲೆ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿತು. ಒಂದು ಔಷಧ ವಿಷ ಅಂತ ಸಾಬೀತಾಗಿ, ಅದು ಅಂಗಡಿಯಿಂದ ಹೋಗುವಷ್ಟರಲ್ಲಿ ಹತ್ತಾರು ವರ್ಷ. ಮೆಲೊಕ್ಸಿಕಾಮ್, ಟಾಲ್ಫೆನಾಮಿಕ್ ಆಮ್ಲದಂಥ ಕೇಡಿಲ್ಲದ ಔಷಧಗಳು ಇರುವಾಗಲೂ ಇದೇ ಪಾಡು.

ಈಗ ದಕ್ಷಿಣ ಭಾರತದಲ್ಲಿ ರಣಹದ್ದು ಹೇಳಿಕೊಳ್ಳುವಷ್ಟು ಉಳಿದಿರುವುದು ನಮ್ಮ ಈ ಸೀಮೆಯಲ್ಲೇ. 2023ರ ಡಿಸೆಂಬರ್ ಕೊನೆಯಲ್ಲಿ ಮೂರೂ ರಾಜ್ಯಗಳವರು ಒಂದೇ ಹೊತ್ತಿಗೆ ಎಣಿಸಿದಾಗ ಸಿಕ್ಕಿದ್ದು 320. ಬಂಡೀಪುರದಲ್ಲಿ 106, ಮುದುಮಲೈಯಲ್ಲಿ 78, ಸತ್ಯಮಂಗಲದಲ್ಲಿ 70, ವಯನಾಡಿನಲ್ಲಿ 51, ನಾಗರಹೊಳೆಯಲ್ಲಿ 15. ಒಂದೇ ಹೊತ್ತಿಗೆ ಎಣಿಸಿದ್ದು ಯಾಕೆ ಅಂದರೆ ಬೆಳಿಗ್ಗೆ ಬಂಡೀಪುರದಲ್ಲಿ ಕಂಡ ಹಕ್ಕಿ ಮಧ್ಯಾಹ್ನ ಮುದುಮಲೈಯಲ್ಲಿ ಇರಬಹುದು. ರಣಹದ್ದಿಗೆ ದಿನಕ್ಕೆ ನೂರು ಕಿಲೋಮೀಟರ್ ದೊಡ್ಡದೇನಲ್ಲ. ಗೂಡು ಬಂಡೀಪುರ, ಮುದುಮಲೈ ನಡುವಿನ ಮೋಯಾರ್ ಹೊಳೆಯ ಕಣಿವೆಯಲ್ಲಿ ಹೊಳೆಮತ್ತಿ ಮರದ ಮೇಲೆ, ಊಟ ಇನ್ನೆಲ್ಲೋ. ವರ್ಷಕ್ಕೆ ಒಂದೇ ಮೊಟ್ಟೆ. ಹುಟ್ಟಿದ ಮರಿ ತಾನು ಗೂಡು ಕಟ್ಟಲು ಐದು ವರ್ಷವಾದರೂ ಬೇಕು. ಹಾಗಾಗಿ ಒಂದು ವಿಷದ ಕಳೇಬರದಲ್ಲಿ ಹತ್ತು ಹಕ್ಕಿ ಸತ್ತರೆ ಆ ನಷ್ಟ ತುಂಬಿಕೊಳ್ಳಲು ಎಷ್ಟು ವರ್ಷ, ನೀವೇ ಲೆಕ್ಕ ಹಾಕಿ.

ಆ ವಿಷ ಔಷಧದಿಂದಲೇ ಬರಬೇಕಂತಿಲ್ಲ. ಕಾಡಂಚಿನಲ್ಲಿ ಹುಲಿ ಹಸು ಹೊಡೆದರೆ, ಪರಿಹಾರ ಬರುವುದು ತಡವಾದರೆ, ಸಿಟ್ಟಿನಲ್ಲಿ ಯಾರೋ ಕಳೇಬರಕ್ಕೆ ಕೀಟನಾಶಕ ಸುರಿಯುತ್ತಾರೆ. ಹುಲಿ ವಾಪಸ್ ಬರುವ ಮೊದಲೇ ರಣಹದ್ದು ಬಂದಿರುತ್ತದೆ. ಪರಿಹಾರದ ಚೆಕ್ ಬೇಗ ಕೊಡುವುದೂ ರಣಹದ್ದು ಉಳಿಸುವ ಕೆಲಸವೇ ಅಂತ ಹೇಳಿದರೆ ವಿಚಿತ್ರ ಅನ್ನಿಸಬಹುದು. ಆದರೆ ಅದು ಹಾಗೇ ಇದೆ.

ಇನ್ನೊಂದು ಕಡೆ, ಕಾಡೊಳಗಿನ ಊಟವನ್ನೂ ನಾವೇ ಕಸಿದುಕೊಳ್ಳುತ್ತೇವೆ. ಹುಲಿ ಸತ್ತರೆ ಸುಡಲೇಬೇಕು, ಉಗುರು, ಮೂಳೆ ಮಾರಾಟಕ್ಕೆ ಹೋಗಬಾರದು ಅನ್ನುವ ಕಾರಣಕ್ಕೆ. ಅದು ಸರಿ. ಆನೆ, ಕಾಟಿ ಸತ್ತಾಗಲೂ ಮರಣೋತ್ತರ ಪರೀಕ್ಷೆ ಮಾಡಿ ಹೂಳುವ, ಸುಡುವ ರೂಢಿ ಬಹಳ ಕಾಲ ನಡೆಯಿತು. ರೋಗದ ಅನುಮಾನವಿಲ್ಲದ ಕಳೇಬರವನ್ನು ಹಾಗೇ ಬಿಟ್ಟರೆ ಎಷ್ಟೋ ಬಾಯಿ ತುಂಬುತ್ತದೆ. ರಣಹದ್ದು ಕಣ್ಣಿನಿಂದಲೇ ಊಟ ಹುಡುಕುವ ಹಕ್ಕಿ, ವಾಸನೆಯಿಂದ ಅಲ್ಲ. ಲಂಟಾನಾ ಮೆಳೆಯ ಅಡಿ ಬಿದ್ದ ಕಡವೆ ಅದಕ್ಕೆ ಕಾಣುವುದಿಲ್ಲ. ಕಂಡರೂ ಅಷ್ಟು ದೊಡ್ಡ ರೆಕ್ಕೆ ಬಿಚ್ಚಿ ಇಳಿಯಲು, ತುಂಬಿದ ಹೊಟ್ಟೆಯಲ್ಲಿ ಓಡಿ ಮೇಲೇಳಲು ಬಯಲು ಬೇಕು. ಸುತ್ತಿ ಬಳಸಿ ಮತ್ತೆ ಲಂಟಾನಾಕ್ಕೇ ಬಂದೆವು ನೋಡಿ.

ಬಯಲು, ರಸ್ತೆ, ರಾಜ್ಯಪಕ್ಷಿ

ಮರ ಕಮ್ಮಿ ಇರುವ ಜಾಗವೆಂದರೆ ಕೆಟ್ಟ ಕಾಡು ಅನ್ನುವ ಭಾವನೆ ಇಲಾಖೆಗಳಲ್ಲೂ ಇದೆ, ಸಸಿ ನೆಡುವ ಸಂಘಗಳಲ್ಲೂ ಇದೆ. ನಾಗರಹೊಳೆಯ ಹಡ್ಲುಗಳನ್ನು ನೋಡಿ. ತಗ್ಗಿನಲ್ಲಿ ನೀರು ನಿಂತು, ಮರ ಬೆಳೆಯದೆ, ಹುಲ್ಲೇ ತುಂಬಿದ ಜೌಗು ಬಯಲು. ಸುತ್ತ ಕಾಡು, ನಡುವೆ ಬಯಲು. ಬೆಳಗಿನ ಹೊತ್ತು ಅಂಚಿನಲ್ಲಿ ಕಾಡುಕೋಳಿ ಹೊರಬರುತ್ತದೆ, ಮೇಲೆ ಸರ್ಪಹದ್ದು ಸುತ್ತುತ್ತದೆ, ಕಳ್ಳಿಪೀರಗಳು ಒಣಕಡ್ಡಿಯಿಂದ ಹಾರಿ ಹುಳ ಹಿಡಿದು ಅದೇ ಕಡ್ಡಿಗೆ ವಾಪಸ್ ಬರುತ್ತವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹುಲ್ಲುಗುಡ್ಡವೂ ಹಾಗೇ. ಅಲ್ಲಿ ಮರ ನೆಟ್ಟರೆ ಹುಲ್ಲಿನ ಹಕ್ಕಿಗೆ ಮನೆ ಕಿತ್ತ ಹಾಗೆ.

ನಮ್ಮ ರಾಜ್ಯಪಕ್ಷಿ ನೀಲಕಂಠವೂ ಬಯಲಿನ ಹಕ್ಕಿಯೇ. ತಂತಿಯ ಮೇಲೆ, ಹೊಲದ ನಡುವಿನ ಒಂಟಿ ಮರದ ಮೇಲೆ ಕೂತು ಮಿಡತೆಗೆ ಕಾಯುವ ಹಕ್ಕಿ. ಕೂತಾಗ ಮಂಕು ಕಂದು, ಹಾರಿದಾಗ ರೆಕ್ಕೆಯಲ್ಲಿ ನೀಲಿ ಸಿಡಿಯುತ್ತದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿ, 178 ಬಗೆಗಳಿಗೆ ತುರ್ತು ಗಮನ ಬೇಕು ಅಂತ ಹೇಳಿತು. ನೀಲಕಂಠದ ಸ್ಥಿತಿಯನ್ನು ಜಾಗತಿಕ ಕೆಂಪು ಪಟ್ಟಿಯವರು ಮತ್ತೆ ನೋಡಬೇಕು ಅಂತಲೂ ಸೂಚಿಸಿತು. ಅದೇ ವರದಿಯಲ್ಲಿ ನವಿಲು ಏರಿಕೆಯಲ್ಲಿದೆ. ಎಲ್ಲ ಕಡೆ ಹೊಂದಿಕೊಳ್ಳುವವರು ಗೆಲ್ಲುತ್ತಿದ್ದಾರೆ, ಒಂದೇ ಬಗೆಯ ಜಾಗ ಬೇಡುವವರು ಸೋಲುತ್ತಿದ್ದಾರೆ. ಹುಲಿ ಮೀಸಲು ಎಷ್ಟು ಭದ್ರವಾಗಿದ್ದರೂ ನೀಲಕಂಠಕ್ಕೆ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ. ಅದರ ಬದುಕು ಗುಂಡ್ಲುಪೇಟೆಯ ಹೊಲದ ಬದುವಿನಲ್ಲಿದೆ.

ರಸ್ತೆಯ ಮಾತೂ ಒಂದಿಷ್ಟು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಅದನ್ನು ತೆಗೆಯಬೇಕು ಅನ್ನುವ ಒತ್ತಾಯ ಆಗಾಗ ಏಳುತ್ತದೆ, ಆಗೆಲ್ಲ ಹುಲಿ, ಆನೆಗಳ ಹೆಸರಲ್ಲೇ ವಾದ ನಡೆಯುತ್ತದೆ. ನತ್ತಿಂಗದ ಹೆಸರು ಯಾರೂ ಎತ್ತುವುದಿಲ್ಲ. ತರಗೆಲೆಯ ಬಣ್ಣದ ಈ ರಾತ್ರಿ ಹಕ್ಕಿಗೆ ಕತ್ತಲಾದ ಮೇಲೆ ಟಾರು ರಸ್ತೆಯ ಬಿಸಿ ಅಂದರೆ ಇಷ್ಟ. ರಸ್ತೆ ಮಧ್ಯದಲ್ಲೇ ಕೂತು ಹುಳಕ್ಕೆ ಕಾಯುತ್ತದೆ. ಹೆಡ್‌ಲೈಟ್ ಬಿದ್ದರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ, ಹಕ್ಕಿ ಮಾತ್ರ ಕದಲುವುದಿಲ್ಲ. ಚಕ್ರ ಹತ್ತಿರ ಬಂದಾಗ ಹಾರುತ್ತದೆ, ಹಲವು ಸಲ ಅದು ತಡವೇ.

ಎಣಿಸುವುದು ಹೇಗೆ?

‘ಇಲ್ಲಿ ಎಷ್ಟು ಬಗೆಯ ಹಕ್ಕಿ ಇವೆ?’ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಅಷ್ಟು ಉಪಯೋಗದ ಪ್ರಶ್ನೆ ಅಲ್ಲ ಅದು. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಹತ್ತು ವರ್ಷದ ಹಿಂದೆ ಒಮ್ಮೆ ದಾರಿ ತಪ್ಪಿ ಬಂದ ಹಕ್ಕಿಯೂ ಪಟ್ಟಿಯಲ್ಲಿರುತ್ತದೆ. ನಿನ್ನೆ ಪೊಟರೆ ಸುಟ್ಟು ಹೋದ ಗೂಬೆಯೂ ಇರುತ್ತದೆ. 250 ಅಂದದ್ದು 255 ಆದರೆ ಕಾಡು ಸುಧಾರಿಸಿತು ಅಂತಲ್ಲ, ಕ್ಯಾಮೆರಾ ಹಿಡಿದವರು ಜಾಸ್ತಿಯಾದರು ಅಂತಲೂ ಇರಬಹುದು. ಅವರು ಹೋಗುವುದೂ ಸಫಾರಿ ದಾರಿಯಲ್ಲೇ, ಬೆಳಕು ಚೆನ್ನಾಗಿರುವ ಹೊತ್ತಲ್ಲೇ.

ಬೇಕಾಗಿರುವುದು ಬೇರೆ ಲೆಕ್ಕ. ಒಂದೇ ಜಾಗಕ್ಕೆ, ಒಂದೇ ಕಾಲದಲ್ಲಿ, ವರ್ಷ ವರ್ಷವೂ ಹೋಗಿ, ನಿಂತಲ್ಲೇ ನಿಂತು ಕೇಳಿದ್ದು, ಕಂಡದ್ದು ಬರೆಯುವುದು. ಪಕ್ಷಿತಜ್ಞ ಸಾಲಿಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಬಿಳಿಗಿರಿರಂಗನ ಬೆಟ್ಟಕ್ಕೂ ಬಂದಿದ್ದರು. ಹೋಲಿಸಲು ಅಂಥ ಹಳೆಯ ಆಧಾರ ಇರುವ ಕಾಡುಗಳು ದೇಶದಲ್ಲಿ ಹೆಚ್ಚಿಲ್ಲ. ಜೊತೆಗೆ ಹಕ್ಕಿಯನ್ನಷ್ಟೇ ಅಲ್ಲ, ಹಕ್ಕಿಯ ಸಾಮಾನನ್ನೂ ಎಣಿಸಬಹುದು. ಎಕರೆಗೆ ಪೊಟರೆ ಇರುವ ಮರ ಎಷ್ಟು, ನಿಂತ ಒಣಮರ ಎಷ್ಟು, ಹಣ್ಣು ಬಿಡುವ ಆಲದ ಜಾತಿಯ ಮರ ಎಷ್ಟು, ಲಂಟಾನಾ ಇಲ್ಲದ ನೆಲ ಎಷ್ಟು. ಇದಕ್ಕೆ ದೊಡ್ಡ ಯಂತ್ರ ಬೇಡ. ಗಸ್ತು ತಿರುಗುವ ಫಾರೆಸ್ಟ್ ವಾಚರ್‌ಗಳಿಗೆ ಒಂದೊಂದು ಮರವೂ ಗೊತ್ತು. ಯಾವ ಮರದಲ್ಲಿ ಗಿಳಿ ಮರಿ ಮಾಡಿದೆ ಅಂತ ಅವರನ್ನು ಯಾರೂ ಕೇಳುವುದಿಲ್ಲ, ಹುಲಿ ಎಲ್ಲಿ ಕಂಡಿತು ಅಂತ ಮಾತ್ರ ಕೇಳುತ್ತಾರೆ.

ಇನ್ನೊಂದು ಖಜಾನೆ ಈಗಾಗಲೇ ನಮ್ಮ ಕೈಯಲ್ಲಿದೆ. 2018ರ ಹುಲಿ ಗಣತಿಗೆ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಸಿಕ್ಕ ಚಿತ್ರಗಳು 3.48 ಕೋಟಿ. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ, ಚಿರತೆ 51,777ರಲ್ಲಿ. ಮಿಕ್ಕ ಕೋಟಿಗಟ್ಟಲೆ ಚಿತ್ರಗಳಲ್ಲಿ ಜಿಂಕೆ, ಹಂದಿ, ಗಾಳಿಗೆ ಆಡಿದ ಹುಲ್ಲು ಇದೆ. ನಡುನಡುವೆ, ಮೊಣಕಾಲೆತ್ತರಕ್ಕೆ ಕಟ್ಟಿದ ಆ ಕ್ಯಾಮೆರಾದ ಮುಂದೆಯೇ, ಕಾಡುಕೋಳಿಯೊಂದು ತರಗೆಲೆ ಕೆದಕುತ್ತಾ ಹೋಗಿರುತ್ತದೆ. ಅದರ ಕೆಳಗೆ ತಾರೀಕೂ ಇದೆ, ಹೊತ್ತೂ ಇದೆ, ಜಾಗವೂ ಇದೆ.